ಕೋವಿಯ ಮೇಲೆ ಉಳಿದ ಖಾಲಿ ಜಾಗ

ಹಳೆಯ ಜರ್ಮನ್ ಗುರಿ ರೈಫಲ್ ಕೈಗೆ ಸಿಕ್ಕರೆ ಎಲ್ಲರೂ ಮೊದಲು ಹುಡುಕುವುದು ಹೆಸರನ್ನು. ಬ್ಯಾರಲ್ ಮೇಲೆ ಏನು ಕೆತ್ತಿದೆ, ಯಾವ ಊರು, ಯಾವ ಕಂಪನಿ ಅಂತ ಕಣ್ಣಾಡಿಸುತ್ತಾರೆ. ನಾನು ಮೊದಲು ನೋಡುವುದು ಏನೇನು ಕಾಣೆಯಾಗಿದೆ ಅನ್ನುವುದನ್ನು. ಈ ಕೋವಿಗಳಲ್ಲಿ ಗುರಿ ಹಿಡಿಯುವ ಸೈಟುಗಳೇ ಎಷ್ಟೋ ಸಲ ಇರುವುದಿಲ್ಲ. ಅವು ಕೂತಿದ್ದ ಜಾಗ ಮಾತ್ರ ಉಳಿದಿರುತ್ತದೆ. ಆ ಜಾಗವನ್ನು ತಾಳ್ಮೆಯಿಂದ ಓದಿದರೆ ಅದು ಹೆಸರಿಗಿಂತ ಜಾಸ್ತಿ ಹೇಳುತ್ತದೆ. ಈ ಬರಹ ಆ ಓದಿನ ಬಗ್ಗೆ, ಆಮೇಲೆ ಆ ಜಾಗವನ್ನು ತುಂಬಿದ ಬಗ್ಗೆ.

ನಾನು ಟೂಲ್ ರೂಮಿನ ಮನುಷ್ಯ. ಬೆಂಗಳೂರಿನಲ್ಲಿ ಟೂಲ್ ಅಂಡ್ ಡೈ ಕಲಿತು, ಈಗ ಜರ್ಮನಿಯ ಥುರಿಂಜಿಯಾದಲ್ಲಿ ಕೆಲಸ ಮಾಡುತ್ತಿದ್ದೇನೆ. ನಮ್ಮ ಕೆಳಗಿನ ಮಹಡಿಯಲ್ಲಿರುವ ಹಿರಿಯರು ಇಲ್ಲಿನ ಶೂಟಿಂಗ್ ಕ್ಲಬ್ಬಿನ ಹಳೆಯ ಸದಸ್ಯರು. ಲೈಸೆನ್ಸು, ಉಕ್ಕಿನ ಬೀರು ಎಲ್ಲ ಇರುವವರು. ಅಮೆರಿಕದಿಂದ ಮರಳಿ ಬಂದದ್ದು ಎಂದು ಹೇಳಿದ ಒಂದು ರೈಫಲನ್ನು ಅವರು ಹರಾಜಿನಲ್ಲಿ ಕೊಂಡರು. ಸೈಟ್ ಇಲ್ಲದ ಕಾರಣ ಬೆಲೆ ಇಳಿದಿತ್ತು. “ನಿಮಗೆ ಲೇತ್ ಕೆಲಸ ಬರುತ್ತದಲ್ಲ, ಒಮ್ಮೆ ಬಂದು ನೋಡಿ” ಎಂದು ಕರೆದರು.

ಇಲ್ಲಿ ಕಾನೂನಿನ ಮಾತೊಂದನ್ನು ಹೇಳಿಬಿಡುತ್ತೇನೆ. ಜರ್ಮನಿಯಲ್ಲಿ ಬ್ಯಾರಲ್, ಅದರ ಹಿಂಬದಿಯನ್ನು ಮುಚ್ಚುವ ಬ್ರೀಚ್ ಇವೆಲ್ಲ ಆಯುಧದ ಮುಖ್ಯ ಭಾಗಗಳು. ಲೈಸೆನ್ಸ್ ಇಲ್ಲದೆ ಅವನ್ನು ಇಟ್ಟುಕೊಳ್ಳುವಂತಿಲ್ಲ. ಸೈಟ್ ಆ ಪಟ್ಟಿಯಲ್ಲಿಲ್ಲ. ಅದನ್ನು ಯಾರು ಬೇಕಾದರೂ ಕೊಳ್ಳಬಹುದು, ಮಾಡಬಹುದು. ಹಾಗಾಗಿ ರೈಫಲ್ ಅವರ ಮನೆಯಲ್ಲೇ ಇತ್ತು. ಅವರು ಎದುರಿಗೆ ಕೂತಿರುವಾಗ ನಾನು ಅಳತೆ ತೆಗೆದುಕೊಂಡೆ. ಲೋಹದ ಕೆಲಸ ಮಾತ್ರ ನನ್ನ ಬೆಂಚಿನ ಮೇಲೆ ನಡೆಯಿತು.

ಬ್ಯಾರಲ್ ಮೇಲೆ ಎರಡು ಹೆಸರುಗಳಿದ್ದವು. ಒಂದು ಬವೇರಿಯಾದ ಊರೊಂದರ ಬಂದೂಕು ಅಂಗಡಿಯದು, ಇನ್ನೊಂದು ಕ್ರುಪ್. ಇಲ್ಲಿ ಎಡವುವವರು ಬಹಳ ಜನ. ಕ್ರುಪ್ ಅನ್ನುವುದು ಬ್ಯಾರಲ್ಲಿನ ಉಕ್ಕು ಎಲ್ಲಿಯದು ಎಂದು ಹೇಳುತ್ತದೆ, ಅಷ್ಟೇ. ರೈಫಲ್ ಮಾಡಿದವರು ಅವರಲ್ಲ. ಅಂಗಡಿಯವನೂ ಬಹುತೇಕ ಮಾರಿದವನು, ಇಲ್ಲವೇ ಕೊಳ್ಳುವವನ ಅಳತೆಗೆ ಹೊಂದಿಸಿಕೊಟ್ಟವನು. ಆ ಕಾಲದಲ್ಲಿ ಜರ್ಮನಿಯ ಮೂಲೆ ಮೂಲೆಯ ಅಂಗಡಿಗಳಿಗೆ ಆ್ಯಕ್ಷನ್ (ತೋಟೆ ಹಾಕಿ, ಮುಚ್ಚಿ, ಹೊಡೆಯುವ ಯಂತ್ರಭಾಗ), ಬ್ಯಾರಲ್, ಕೆಲವೊಮ್ಮೆ ಇಡೀ ಕೋವಿಯೇ ಥುರಿಂಜಿಯಾದ ಸೂಲ್ ಮತ್ತು ಪಕ್ಕದ ತ್ಸೆಲಾ, ಮೇಲಿಸ್ ಊರುಗಳಿಂದ ಹೋಗುತ್ತಿತ್ತು. ತ್ಸೆಲಾ ಸಾಂಕ್ಟ್ ಬ್ಲಾಸಿ ಮತ್ತು ಮೇಲಿಸ್ 1919ರಲ್ಲಿ ಸೇರಿ ಒಂದೇ ಊರಾದವು. ಕೋವಿಯ ಮೇಲೆ ಬರೀ ‘ಸಾಂಕ್ಟ್ ಬ್ಲಾಸಿ’ ಎಂದಿದ್ದರೆ ಅದು ಅದಕ್ಕೂ ಮೊದಲಿನದು ಎಂದು ಕಣ್ಣು ಮುಚ್ಚಿ ಹೇಳಬಹುದು.

ನಮ್ಮ ಕೋವಿಯ ನಿಜವಾದ ಗುರುತು ಆ್ಯಕ್ಷನ್‌ನಲ್ಲಿತ್ತು. ಕೆಳಗಿನ ಲಿವರ್ ಎಳೆದರೆ ಬ್ರೀಚ್ ಬ್ಲಾಕ್ ಮುಂದಿನ ಕೀಲಿನ ಮೇಲೆ ತಿರುಗಿ ಕೆಳಗೆ ಇಳಿಯುತ್ತದೆ. ಮಾರ್ಟಿನಿ ಆ್ಯಕ್ಷನ್‌ನಲ್ಲಿ ಕೀಲು ಹಿಂದೆ ಇರುತ್ತದೆ, ಇದರಲ್ಲಿ ಮುಂದೆ, ಬ್ಯಾರಲ್ ಕೆಳಗೆ. ಇದು ಐಟ್ ಆ್ಯಕ್ಷನ್. ಕಾರ್ಲ್ ವಿಲ್ಹೆಲ್ಮ್ ಐಟ್ 1884ರಲ್ಲಿ ಪೇಟೆಂಟ್ ಪಡೆದದ್ದು, ಸೂಲ್‌ನ ಹೇನೆಲ್ ಕಾರ್ಖಾನೆ ತಯಾರಿಸಿದ್ದು. ಬಿಡಿ ಭಾಗಗಳು ಕಡಿಮೆ, ಕೆಲಸ ಬಹಳ ನುಣುಪು. ಭಾರಿ ಒತ್ತಡದ ತೋಟೆಗೆ ಮಾಡಿದ್ದಲ್ಲ. ಗುರಿ ಹೊಡೆಯುವವನಿಗೆ ಅದು ಬೇಕಾಗಿಯೂ ಇರಲಿಲ್ಲ.

ಕಾಲ ಯಾವುದು ಅಂತ ತಿಳಿಯಲು ಮುಂದಿನ ಮರವನ್ನು ಕಳಚಿ ಬ್ಯಾರಲ್ಲಿನ ಅಡಿಭಾಗ ನೋಡಬೇಕು. ಜರ್ಮನಿಯಲ್ಲಿ 1891ರಲ್ಲಿ ಕೋವಿ ಪರೀಕ್ಷೆಯ ಕಾನೂನು ಬಂತು, 1893ರಲ್ಲಿ ಜಾರಿಯಾಯಿತು. ಅಲ್ಲಿಂದ ಮುಂದೆ ಪ್ರತಿ ಬ್ಯಾರಲ್ಲಿಗೂ ಕಿರೀಟದ ಮುದ್ರೆಗಳು. ಕಿರೀಟದ ಕೆಳಗೆ ‘ಬಿ’ ಇದ್ದರೆ ಹೊಡೆದು ಪರೀಕ್ಷಿಸಲಾಗಿದೆ, ‘ಯು’ ಇದ್ದರೆ ತಪಾಸಣೆ ಆಗಿದೆ, ‘ಜಿ’ ಇದ್ದರೆ ಒಳಗೆ ತಿರುಪು ಗೆರೆಗಳಿರುವ ಬ್ಯಾರಲ್. ಕಾನೂನು ಬರುವಾಗಲೇ ಅಂಗಡಿಯಲ್ಲಿದ್ದ ಹಳೆಯ ದಾಸ್ತಾನಿಗೆ ‘ವಿ’ ಅನ್ನುವ ಬೇರೆಯೇ ಮುದ್ರೆ. ಜೊತೆಗೆ ಒಂದು ವಿಚಿತ್ರ ಸಂಖ್ಯೆ ಇರುತ್ತದೆ. ನಮ್ಮದರಲ್ಲಿ 172.28. ಇದನ್ನು ಸೀರಿಯಲ್ ನಂಬರ್ ಎಂದುಕೊಳ್ಳುವವರಿದ್ದಾರೆ. ಅದು ಅಳತೆ. ಒಂದು ಪೌಂಡ್ ಸೀಸವನ್ನು 172.28 ಸಮ ಗುಂಡುಗಳಾಗಿ ಮಾಡಿದರೆ ಒಂದೊಂದು ಗುಂಡಿನ ಅಡ್ಡಳತೆ 7.62 ಮಿಲಿಮೀಟರ್ ಬರುತ್ತದೆ. ಬ್ಯಾರಲ್ಲಿನ ಒಳಗಿನ ಕಿರಿದಾದ ಅಳತೆ ಅದು. 1910ರ ದಶಕದ ಆರಂಭದಲ್ಲಿ ಈ ಲೆಕ್ಕ ಬಿಟ್ಟು ನೇರ ಮಿಲಿಮೀಟರ್ ಬರೆಯತೊಡಗಿದರು. ಅಲ್ಲಿಗೆ ನಮ್ಮ ಕೋವಿ 1893ರಿಂದ ಆ ಬದಲಾವಣೆಯ ನಡುವಿನದು ಎಂದಾಯಿತು. ‘ವಿ’ ಮುದ್ರೆಯೂ ಇರಲಿಲ್ಲ.

ತೋಟೆ ಯಾವುದು ಅನ್ನುವುದನ್ನು ಮಾತ್ರ ಮುದ್ರೆ ನೋಡಿ ನಿರ್ಧರಿಸಬಾರದು. ಆ ಕಾಲದ ಗುರಿ ರೈಫಲ್‌ಗಳಲ್ಲಿ ಹೆಚ್ಚು ಓಡಿದ್ದು 8.15×46ಆರ್ ಎಂಬ ತೋಟೆ, ಸೂಲ್‌ನ ಅಡಾಲ್ಫ್ ಫ್ರೋನ್ 1890ರ ದಶಕದಲ್ಲಿ ರೂಪಿಸಿದ್ದು. ಅದನ್ನೇ ಹೋಲುವ, ಆದರೆ ಅಲ್ಲಿ ಇಲ್ಲಿ ಕೂದಲೆಳೆಯಷ್ಟು ಬೇರೆಯಾದ ತೋಟೆಗಳೂ ಇದ್ದವು. ಕಡಿಮೆ ಶಾಖಕ್ಕೆ ಕರಗುವ ಲೋಹವನ್ನು ತೋಟೆ ಕೂರುವ ಚೇಂಬರಿಗೆ ಸುರಿದು, ಗಟ್ಟಿಯಾದ ಮೇಲೆ ಹೊರತೆಗೆದು ವರ್ನಿಯರ್‌ನಲ್ಲಿ ಅಳೆಯಬೇಕು. ಮೆತ್ತಗಿನ ಸೀಸದ ತುಂಡೊಂದನ್ನು ಬ್ಯಾರಲ್ ಉದ್ದಕ್ಕೂ ತಳ್ಳಿ ಗೆರೆಗಳ ಆಳ ನೋಡಬೇಕು. ಹಿರಿಯರು ಇದನ್ನು ಕ್ಲಬ್ಬಿನ ಬಂದೂಕು ಕೆಲಸಗಾರರಿಂದ ಮಾಡಿಸಿದರು. 8.15×46ಆರ್ ಎಂದೇ ಖಚಿತವಾಯಿತು.

ಇನ್ನೂ ಒಂದು ಗೊಂದಲ ಇದೆ. ಹೊರಗಿನಿಂದ ನೋಡಿದರೆ ಇದೇ ಥರ ಕಾಣುವ ಇನ್ನೊಂದು ಜಾತಿಯ ಕೋವಿ ಇದೆ, ತ್ಸಿಮ್ಮರ್‌ಸ್ಟುಟ್ಸೆನ್. ಬವೇರಿಯಾದಲ್ಲಿ ಚಳಿಗಾಲದಲ್ಲಿ ಹೋಟೆಲ್ ಹಾಲಿನ ಒಳಗೇ 15 ಮೀಟರ್ ದೂರಕ್ಕೆ ಹೊಡೆಯುವಂಥದ್ದು. 4 ಮಿಲಿಮೀಟರ್ ಆಸುಪಾಸಿನ ಪುಟ್ಟ ಗುಂಡು. ಹಳೆಯವುಗಳಲ್ಲಿ ಮದ್ದು ತುಂಬುವ ಜಾಗ ಬ್ಯಾರಲ್ಲಿನ ಮುಂದಿನ ಭಾಗದಲ್ಲಿರುತ್ತದೆ. ಹೆಗಲಿಗೆ ಒರಗುವ ಹಿಂದಿನ ಮರ ಅಂದರೆ ಬಟ್, ಕೆನ್ನೆ ಒರಗಿಸುವ ಮರ, ಟ್ರಿಗರ್ ಎಲ್ಲ ದೊಡ್ಡ ರೈಫಲಿನದೇ. ಹಿಂದಿನಿಂದ ಮಾತ್ರ ಫೋಟೋ ತೆಗೆದು ಮಾರುವವರಿಂದ ಕೊಳ್ಳುವಾಗ ಇದು ನೆನಪಿರಲಿ.

ಈಗ ಖಾಲಿ ಜಾಗಗಳಿಗೆ ಬರುತ್ತೇನೆ. ನನಗೆ ಅತಿ ಇಷ್ಟವಾದ ಭಾಗ ಇದು.

ಇಂಥ ರೈಫಲಿನಲ್ಲಿ ಸೈಟ್ ಕೂರುವ ಜಾಗ ಮೂರು. ಬ್ಯಾರಲ್ಲಿನ ತುದಿಯಲ್ಲಿ ಮುಂದಿನ ಸೈಟ್. ಬ್ಯಾರಲ್ ಮೇಲೆ, ಕಣ್ಣಿನಿಂದ ಸ್ವಲ್ಪ ದೂರದಲ್ಲಿ ಕಚ್ಚು ಇರುವ ಸೈಟ್. ಮೂರನೆಯದು ಡಿಯೋಪ್ಟರ್. ಅದು ಬಟ್ಟಿನ ಕತ್ತಿನ ಮೇಲೆ, ಆ್ಯಕ್ಷನ್‌ನ ಬಾಲದಂಥ ಉಕ್ಕಿನ ಪಟ್ಟಿಯ ಮೇಲೆ ನಿಲ್ಲುತ್ತದೆ. ನಡುವೆ ಸಣ್ಣ ತೂತಿರುವ ಬಿಲ್ಲೆ, ಅದನ್ನು ಹೊತ್ತ ಕಂಬ, ಏರಿಸಿ ಇಳಿಸುವ ಸ್ಕ್ರೂ. ತೋಟೆಯ ಒದೆತ ಮೆದುವಾದ್ದರಿಂದ ಕಣ್ಣನ್ನು ಅದರ ಹತ್ತಿರಕ್ಕೇ ತರಬಹುದು.

ನಮ್ಮ ಕೋವಿಯಲ್ಲಿ ತುದಿಯ ಗಾಡಿ, ಅಂದರೆ ಸೈಟ್ ಕೂರಿಸಲು ಅಡ್ಡಕ್ಕೆ ಕೊರೆದ ಕಾಲುವೆ, ಖಾಲಿ. ಬಾಲದ ಮೇಲೆ ಡಿಯೋಪ್ಟರ್ ಇಲ್ಲ, ಥ್ರೆಡ್ ಇರುವ ಒಂದು ತೂತು ಮತ್ತು ಪಕ್ಕದಲ್ಲಿ ಪಿನ್ ಕೂರುವ ಪುಟ್ಟ ಕುಳಿ. ಬ್ಯಾರಲ್ ನಡುವಿನ ಗಾಡಿಯಲ್ಲಿ ಮಾತ್ರ ಒಂದು ಚಪ್ಪಟೆ ಉಕ್ಕಿನ ತುಂಡು. ಮೂರೂ ಸೈಟ್ ಹೋಗಿವೆ, ಒಂದು ಜಾಗಕ್ಕೆ ಯಾರೋ ತೇಪೆ ಹಾಕಿದ್ದಾರೆ ಎಂದು ಹರಾಜಿನವರು ಬರೆದಿದ್ದರು. ಭೂತಗನ್ನಡಿ ಇಟ್ಟು ನೋಡಿದೆ. ಬ್ಯಾರಲ್ ಮೇಲಿನ ಕೆತ್ತನೆಯ ಸಾಲು ಆ ತುಂಡಿನ ಮೇಲೂ ಒಂದು ಗೆರೆ ತಪ್ಪದೆ ಮುಂದುವರಿದಿತ್ತು. ಬಣ್ಣವೂ ಅದೇ, ಸವೆತವೂ ಅದೇ. ಕೋವಿ ಹೊಸದಿದ್ದಾಗಲೇ ಕೂರಿಸಿದ ತುಂಡು ಅದು. ಮೊದಲ ಯಜಮಾನ ಡಿಯೋಪ್ಟರ್ ಒಂದರಲ್ಲೇ ಹೊಡೆಯುವವನು, ನಡುವಿನ ಸೈಟ್ ಬೇಡ ಎಂದಿದ್ದವನು. ಅವನ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ಆದರೂ ಅವನು ಹೇಗೆ ಗುರಿ ಹಿಡಿಯುತ್ತಿದ್ದ ಎಂದು ನೂರು ವರ್ಷ ದಾಟಿದ ಮೇಲೆ ಗೊತ್ತಾಯಿತು. ಅವತ್ತು ನನಗೆ ಆದ ಸಂತೋಷ ಹೇಳತೀರದು.

ಇನ್ನೊಂದು ಸುಳಿವು ಮರದಲ್ಲಿತ್ತು. ಈ ರೈಫಲ್‌ಗಳ ಬಟ್ಟಿನಲ್ಲಿ ಕೆನ್ನೆಗೆ ದೊಡ್ಡ ಆಸರೆ ಇರುತ್ತದೆ. ನಮ್ಮದರಲ್ಲಿ ಆ ಆಸರೆಯ ಮೇಲ್ಭಾಗದಲ್ಲಿ ಪಾಲಿಶ್ ಸವೆದು ಒಂದು ಜಾಗ ಹೊಳಪಾಗಿತ್ತು. ಹಿರಿಯರು ಅಲ್ಲಿಗೇ ಕೆನ್ನೆ ಇಟ್ಟರು. ಕಣ್ಣಿನ ನಡುಭಾಗ ಬ್ಯಾರಲ್ಲಿನ ಮಧ್ಯಗೆರೆಯಿಂದ ಎಷ್ಟು ಮೇಲಿದೆ ಎಂದು ಸ್ಕೇಲ್ ಹಿಡಿದು ಅಳೆದೆವು. ಮುಖದಿಂದ ಮುಖಕ್ಕೆ ವ್ಯತ್ಯಾಸ ಇದ್ದೇ ಇರುತ್ತದೆ. ಆದರೂ ಹೋದ ಡಿಯೋಪ್ಟರ್ ಸುಮಾರು ಎಷ್ಟು ಎತ್ತರದ್ದು ಅನ್ನುವುದಕ್ಕೆ ಒಂದು ಅಂದಾಜು ಸಿಕ್ಕಿತು. ಬಟ್ಟನ್ನು ಕೆರೆದು ಹೊಸ ಪಾಲಿಶ್ ಹೊಡೆದಿದ್ದರೆ ಈ ಗುರುತು ಅಳಿಸಿಹೋಗುತ್ತಿತ್ತು. ಹಳೆಯ ಕೋವಿ ಕೊಂಡ ಕೂಡಲೇ ಮರ ಉಜ್ಜಲು ಕೂರುವವರನ್ನು ಕಂಡರೆ ನನಗೆ ನಿಜಕ್ಕೂ ನೋವಾಗುತ್ತದೆ.

ಸೈಟುಗಳೇ ಯಾಕೆ ಕಳೆದುಹೋಗುತ್ತವೆ? ಅವು ಕಳಚಿ ಇಡಲೆಂದೇ ಮಾಡಿದವು. ಡಿಯೋಪ್ಟರ್‌ನ ಕಂಬ ಬಾಗಿದರೆ ಮುಗಿಯಿತು, ಅದಕ್ಕೇ ಹೊಡೆದಾದ ಮೇಲೆ ತೆಗೆದು ಬೇರೆ ಪೆಟ್ಟಿಗೆಯಲ್ಲಿಡುತ್ತಿದ್ದರು. 1945ರ ಏಪ್ರಿಲ್‌ನಲ್ಲಿ ಅಮೆರಿಕದ ಸೇನೆ ಥುರಿಂಜಿಯಾಕ್ಕೆ ಬಂತು. ಜುಲೈ ತಿಂಗಳಲ್ಲಿ ಪ್ರದೇಶ ಸೋವಿಯತ್ ಕೈಗೆ ಹೋಯಿತು. ಜನರ ಹತ್ತಿರವಿದ್ದ ಆಯುಧಗಳನ್ನೆಲ್ಲ ಒಪ್ಪಿಸಬೇಕೆಂಬ ಆಜ್ಞೆಗಳು ಜರ್ಮನಿಯ ಉದ್ದಕ್ಕೂ ಬಂದವು. 1946ರ ಜನವರಿಯಲ್ಲಿ ನಾಲ್ಕು ರಾಷ್ಟ್ರಗಳ ನಿಯಂತ್ರಣ ಮಂಡಳಿ ತನ್ನ ಎರಡನೆಯ ಆದೇಶದಲ್ಲಿ ಇದನ್ನೇ ಹೊರಡಿಸಿತು. ಕ್ಲಬ್ಬಿನ ಗುರಿ ರೈಫಲ್‌ಗಳೂ ಆ ರಾಶಿಗೆ ಸೇರಿದವು. ಎಷ್ಟೋ ಕೋವಿಗಳನ್ನು ಮುರಿದರು. ಕೆಲವನ್ನು ಸೈನಿಕರು ನೆನಪಿಗೆಂದು ಮನೆಗೆ ಒಯ್ದರು. ರಾಶಿಯಿಂದ ರೈಫಲ್ ಎತ್ತಿಕೊಂಡವನಿಗೆ ಯಾವುದೋ ಮನೆಯ ಡ್ರಾಯರಿನಲ್ಲಿರುವ ಡಿಯೋಪ್ಟರ್ ಹೇಗೆ ಗೊತ್ತಾಗಬೇಕು? ಹೀಗೆ ಕೋವಿ ಒಂದು ಖಂಡದಲ್ಲಿ, ಅದರ ಕಣ್ಣು ಇನ್ನೊಂದು ಖಂಡದಲ್ಲಿ ಉಳಿದ ಕಥೆಗಳು ಬಹಳ. ಇಲ್ಲಿನ ಹಳೆ ಸಾಮಾನಿನ ಸಂತೆಗಳಲ್ಲಿ ಇವತ್ತಿಗೂ ಒಂಟಿ ಡಿಯೋಪ್ಟರ್‌ಗಳು ಸಿಗುತ್ತವೆ.

ಸಂಗ್ರಹಕಾರರಲ್ಲಿ ಕೆಲವರು, ಹೋದದ್ದು ಹೋಯಿತು, ಖಾಲಿಯೇ ಇರಲಿ, ಅದೂ ಇತಿಹಾಸ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಇದು ಗುರಿ ಹಿಡಿಯಲೆಂದೇ ಹುಟ್ಟಿದ ಉಪಕರಣ. ಎರಡು ಟ್ರಿಗರ್ ನೋಡಿ. ಒಂದನ್ನು ಎಳೆದು ಸಜ್ಜು ಮಾಡಿದರೆ ಇನ್ನೊಂದು ಬೆರಳು ತಾಗಿದರೆ ಸಾಕು ಬಿಡುತ್ತದೆ. ಹೆಗಲನ್ನು ಅಪ್ಪುವ ಕೊಕ್ಕೆಯ ಬಟ್ ಪ್ಲೇಟ್, ಅಲುಗದಿರಲೆಂದು ಇಟ್ಟ ದಪ್ಪ ಬ್ಯಾರಲ್, ಎಲ್ಲವೂ ನಿಂತು, ಯಾವ ಆಸರೆಯೂ ಇಲ್ಲದೆ, ದೂರದ ಒಂದು ಕಪ್ಪು ಚುಕ್ಕೆಯನ್ನು ಹೊಡೆಯಲು. 1861ರಲ್ಲಿ ಗೋಥಾದಲ್ಲಿ ಜರ್ಮನ್ ಶೂಟರ್‌ಗಳ ಒಕ್ಕೂಟ ಹುಟ್ಟಿತು. ಮರುವರ್ಷ ಫ್ರಾಂಕ್‌ಫರ್ಟ್‌ನಲ್ಲಿ ಮೊದಲ ದೊಡ್ಡ ಕೂಟ. ಊರೂರಿನಲ್ಲಿ ಬೇಸಿಗೆಯ ಹಬ್ಬ, ಮೆರವಣಿಗೆ, ಗೆದ್ದವನಿಗೆ ಆ ವರ್ಷದ ರಾಜನ ಪಟ್ಟ. ಈ ಕೋವಿ ಆ ಲೋಕದ್ದು. ಸೈಟ್ ಇಲ್ಲದೆ ಗೋಡೆಗೆ ತೂಗುಹಾಕಿದರೆ ಅದು ಬರೀ ಸುಂದರವಾದ ಮರ ಮತ್ತು ಕಬ್ಬಿಣ.

ಆದರೆ ತುಂಬುವುದಕ್ಕೂ ಒಂದು ರೀತಿ ಇದೆ. ಕೋವಿಗೆ ಹೊಸ ತೂತು ಕೊರೆಯಬಾರದು. ಹಳೆಯ ಥ್ರೆಡ್ಡಿಗೆ ದೊಡ್ಡ ಟ್ಯಾಪ್ ಹೊಡೆಯಬಾರದು. ಗಾಡಿಗೆ ಅರ ಹಾಕಬಾರದು. ಹೊಸ ಭಾಗವೇ ಹಳೆಯದಕ್ಕೆ ಹೊಂದಬೇಕು. ಕ್ಲಬ್ಬಿನ ಯುವಕನೊಬ್ಬ, ಬಾಲಕ್ಕೆ ಎರಡು ತೂತು ಹೊಡೆದು ಇವತ್ತಿನ ಸೈಟ್ ಕೂರಿಸಿ, ಒಂದು ಗಂಟೆಯ ಕೆಲಸ ಎಂದ. ಹಿರಿಯರು ತಲೆ ಅಲ್ಲಾಡಿಸಿದರು. “ಇದು ನಾನು ಹೋದ ಮೇಲೆ ಇನ್ನೊಬ್ಬರ ಕೈಗೆ ಹೋಗುತ್ತದೆ” ಎಂದರು.

ಮೊದಲು ಮುಂದಿನ ಸೈಟ್. ಗಾಡಿ ಅಡ್ಡಕ್ಕೆ ಕೊರೆದಿದೆ, ಬದಿಗಳು ಒಳಗೆ ಓರೆ. ಅದರ ಅಗಲವನ್ನು ವರ್ನಿಯರ್ ಬಾಯಿಯಿಂದ ನೇರವಾಗಿ ಅಳೆಯಲು ಆಗುವುದಿಲ್ಲ. ಟೂಲ್ ರೂಮಿನಲ್ಲಿ ಕಲಿತ ಪಾಠ ಇಲ್ಲಿ ಕೆಲಸಕ್ಕೆ ಬಂತು. ಅಳತೆ ಗೊತ್ತಿರುವ ಎರಡು ಸಣ್ಣ ಪಿನ್ನುಗಳನ್ನು ಎರಡು ಮೂಲೆಗೆ ಕೂರಿಸಿ, ನಡುವಿನ ಅಂತರ ತೆಗೆದು, ಕೋನದ ಲೆಕ್ಕ ಹಾಕಿದರೆ ತಳದ ಅಗಲ ಸಿಗುತ್ತದೆ. ಎರಡೂ ತುದಿಯಲ್ಲಿ ಅಳೆಯಬೇಕು, ಏಕೆಂದರೆ ಕೈಯಲ್ಲಿ ಅರ ಹಾಕಿದ ಗಾಡಿ ಒಂದು ಬದಿಗೆ ಸ್ವಲ್ಪ ಅಗಲ ಇರುತ್ತದೆ. ನಮ್ಮದೂ ಹಾಗೇ ಇತ್ತು. ಹೊಸ ತುಂಡನ್ನು ಅಗಲವಾದ ಬದಿಯಿಂದ ಬೆರಳಲ್ಲಿ ತಳ್ಳಿದರೆ ಅರ್ಧದವರೆಗೆ ಹೋಗಬೇಕು, ಉಳಿದರ್ಧಕ್ಕೆ ಹಿತ್ತಾಳೆ ಸರಳು ಇಟ್ಟು ಮೆಲ್ಲಗೆ ತಟ್ಟಬೇಕು. ಅಷ್ಟು ಬಿಗಿ ಬರುವವರೆಗೆ ತಿಕ್ಕಿದೆ. ಅದರ ಮೇಲೆ ಬಿಸಿಲು ಬೀಳದಂತೆ ಒಂದು ಪುಟ್ಟ ಕೊಳವೆ, ಒಳಗೆ ಬದಲಿಸಬಹುದಾದ ತುಂಡುಗಳು. ಒಂದು ನೇರ ಕಂಬ, ಒಂದು ಉಂಗುರ. ಉಂಗುರದೊಳಗೆ ಕಪ್ಪು ಚುಕ್ಕೆ ಕೂತಾಗ ಸುತ್ತ ಬಿಳಿ ಚೆನ್ನಾಗಿ ಕಾಣಬೇಕು. ಬಿಗಿಯಾದ ಉಂಗುರ ಕಣ್ಣನ್ನು ಬೇಗ ದಣಿಸುತ್ತದೆ.

ಡಿಯೋಪ್ಟರ್ ಮಾತ್ರ ಹೊಸದಾಗಿ ಮಾಡಲು ಮನಸ್ಸು ಬರಲಿಲ್ಲ. ಆ ಕಾಲದ್ದೇ ಒಂದು ಸಿಗಲಿ ಎಂದು ಕಾದೆವು. ಕೊನೆಗೆ ಸಿಕ್ಕಿದ್ದು ಅದೇ ಜಾತಿಯದು, ಪಾದ ಮಾತ್ರ ಬೇರೆ ಕೋವಿಯದು. ಥ್ರೆಡ್ ಕೂಡುತ್ತಿರಲಿಲ್ಲ. ಮೆಟ್ರಿಕ್ ಥ್ರೆಡ್ಡಿನ ಬಗ್ಗೆ ದೇಶಗಳು ಒಪ್ಪಂದಕ್ಕೆ ಬಂದದ್ದೇ 1898ರ ಜ್ಯೂರಿಕ್ ಸಮ್ಮೇಳನದಲ್ಲಿ. ಹಾಗಾಗಿ ಆ ಕಾಲದ ಕೋವಿಯ ತೂತಿಗೆ ಇವತ್ತಿನ ಸ್ಕ್ರೂ ಹಾಕಿ ಒತ್ತಾಯದಿಂದ ತಿರುಗಿಸಿದರೆ ಥ್ರೆಡ್ ಹಾಳು. ತೂತಿಗೆ ಮೇಣ ಒತ್ತಿ ಅಚ್ಚು ತೆಗೆದು, ಥ್ರೆಡ್ಡಿನ ಸುತ್ತುಗಳ ನಡುವಿನ ಅಂತರವಾದ ಪಿಚ್ ಎಷ್ಟೆಂದು ಪಿಚ್ ಗೇಜ್ ಹಿಡಿದು ನೋಡಿ, ಲೇತ್‌ನಲ್ಲಿ ಅದೇ ಪಿಚ್ ಹೊಂದಿಸಿ ಒಂದು ಸ್ಕ್ರೂ ಕತ್ತರಿಸಿದೆ. ಸಿಕ್ಕ ಡಿಯೋಪ್ಟರ್‌ನ ಮೂಲ ಪಾದವನ್ನೂ ಮುಟ್ಟಲಿಲ್ಲ. ಅದನ್ನು ಕಳಚಿ ಪೊಟ್ಟಣ ಕಟ್ಟಿ ಇಟ್ಟಿದ್ದೇವೆ. ನಡುವೆ ಕೂರುವ ಹೊಸ ಪಾದ ನನ್ನ ಕೆಲಸ. ಬಣ್ಣಕ್ಕೆ ಹಳೆಯ ವಿಧಾನ: ಉಕ್ಕಿಗೆ ಬೇಕೆಂದೇ ತುಕ್ಕು ಹಿಡಿಸಿ, ನೀರಲ್ಲಿ ಕುದಿಸಿದರೆ ಕೆಂಪು ತುಕ್ಕು ಕಪ್ಪಾಗುತ್ತದೆ. ಸಡಿಲವಾದದ್ದನ್ನು ಉಜ್ಜಿ ತೆಗೆದು ಮತ್ತೆ ಮತ್ತೆ ಮಾಡಬೇಕು. ಎರಡೂ ಹೊಸ ಭಾಗಗಳ ತಳದಲ್ಲಿ ಮಾಡಿದ ವರ್ಷ ಕೊರೆದಿದ್ದೇನೆ. ಮುಂದೆ ಯಾರೂ ಇದನ್ನು ಮೂಲದ್ದು ಎಂದು ಮಾರಬಾರದು.

ಎತ್ತರದ ಲೆಕ್ಕವನ್ನು ಬೆಂಚಿನ ಮೇಲೇ ಹಾಕಿಕೊಳ್ಳಬಹುದು. ನಮ್ಮ ಕೋವಿಯಲ್ಲಿ ಡಿಯೋಪ್ಟರ್‌ನಿಂದ ಮುಂದಿನ ಸೈಟಿಗೆ ಸುಮಾರು 90 ಸೆಂಟಿಮೀಟರ್. ಹಾಗಿದ್ದರೆ ಹಿಂದೆ 1 ಮಿಲಿಮೀಟರ್ ಏರಿಸಿದರೆ 100 ಮೀಟರಿನಲ್ಲಿ ಗುಂಡು 11 ಸೆಂಟಿಮೀಟರ್ ಮೇಲೆ ಬೀಳುತ್ತದೆ, 175 ಮೀಟರಿನಲ್ಲಿ 19 ಸೆಂಟಿಮೀಟರ್‌ಗಿಂತ ಜಾಸ್ತಿ. ಈ ತೋಟೆಯ ಸೀಸದ ಗುಂಡು ಸುಮಾರು 10 ಗ್ರಾಂ, ಹೊರಡುವ ವೇಗ ಸೆಕೆಂಡಿಗೆ 550 ಮೀಟರ್ ಆಸುಪಾಸು. 175 ಮೀಟರ್ ತಲುಪುವಷ್ಟರಲ್ಲಿ ಅದು ಅರ್ಧ ಮೀಟರಿಗೂ ಜಾಸ್ತಿ ಇಳಿದಿರುತ್ತದೆ. ಅದನ್ನು ಸರಿದೂಗಿಸಲು ಹಿಂದಿನ ತೂತು ಮುಂದಿನದಕ್ಕಿಂತ 3 ಮಿಲಿಮೀಟರ್‌ನಷ್ಟು ಎತ್ತರದಲ್ಲಿರಬೇಕು. ಈ ಲೆಕ್ಕದಿಂದ ಬಂದ ಎತ್ತರ ಮತ್ತು ಕೆನ್ನೆಯ ಸವೆತ ತೋರಿಸಿದ ಎತ್ತರ ಹತ್ತಿರ ಹತ್ತಿರ ಕೂಡಿದವು. ಹಿರಿಯರು ಕಾಗದವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು.

ಕ್ಲಬ್ಬಿನ ಮೈದಾನದಲ್ಲಿ ಮೊದಲು 50 ಮೀಟರಿನಲ್ಲಿ ಹೊಡೆದು ನೋಡಿದರು, ಆಮೇಲೆ 100ರಲ್ಲಿ. ಗುಂಡುಗಳು ಒಟ್ಟಿಗೆ, ಆದರೆ ಸ್ವಲ್ಪ ಬಲಕ್ಕೆ ಬಿದ್ದವು. ಮುಂದಿನ ಸೈಟನ್ನು ಬಲಕ್ಕೆ ಒಂದಿಷ್ಟು ತಟ್ಟಿದೆವು, ಸರಿಹೋಯಿತು. ಮುಂದಿನ ಸೈಟ್ ಸರಿಸಬೇಕಾದದ್ದು ಗುಂಡು ಬಿದ್ದ ಕಡೆಗೇ, ಹಿಂದಿನದಾದರೆ ಅದರ ಎದುರು ಕಡೆಗೆ. ವಯಸ್ಸಾದ ಕಣ್ಣಿಗೆ ಡಿಯೋಪ್ಟರ್ ಎಷ್ಟು ದೊಡ್ಡ ಉಪಕಾರ ಎಂದು ಅವತ್ತು ಕಂಡೆ. 1 ಮಿಲಿಮೀಟರ್ ಆಸುಪಾಸಿನ ತೂತಿನ ಮೂಲಕ ನೋಡಿದರೆ ಹತ್ತಿರದ ಉಂಗುರ, ದೂರದ ಚುಕ್ಕೆ ಎರಡೂ ಸಾಕಷ್ಟು ಸ್ಪಷ್ಟ. ತೆರೆದ ಸೈಟಿನಲ್ಲಿ ಅವರಿಗೆ ಒಂದು ಕಂಡರೆ ಇನ್ನೊಂದು ಮಸುಕಾಗುತ್ತಿತ್ತು.

ಇದೇ ತತ್ವ ಇವತ್ತಿನ ಒಲಿಂಪಿಕ್ ರೈಫಲಿನಲ್ಲೂ ಇದೆ. ನಮ್ಮ ದೇಶದ ರೇಂಜುಗಳಲ್ಲಿ ಮಕ್ಕಳು ಏರ್ ರೈಫಲ್ ಹಿಡಿದು ನೋಡುವುದು ಡಿಯೋಪ್ಟರ್ ಒಳಗಿಂದಲೇ. 2008ರ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ ಸ್ಪರ್ಧೆಯೂ ಅದೇ. ಭಾರತದ ಶೂಟರ್‌ಗಳ ಬಾಯಲ್ಲಿ ಸದಾ ಇರುವ ಆನ್‌ಶ್ಯುಟ್ಸ್ 1856ರಲ್ಲಿ ಮೇಲಿಸ್‌ನಲ್ಲಿ ಶುರುವಾದದ್ದು, ವಾಲ್ಟರ್ 1886ರಲ್ಲಿ ತ್ಸೆಲಾ ಸಾಂಕ್ಟ್ ಬ್ಲಾಸಿಯಲ್ಲಿ. ಯುದ್ಧದ ನಂತರ ಎರಡೂ ಪಶ್ಚಿಮದ ಉಲ್ಮ್ ನಗರದಲ್ಲಿ ಮತ್ತೆ ಕಟ್ಟಿಕೊಂಡವು. ಬೆಂಗಳೂರಿನ ಹುಡುಗಿಯೊಬ್ಬಳು ಇವತ್ತು ಹಿಡಿಯುವ ರೈಫಲಿಗೂ ನಮ್ಮ ಹಿರಿಯರ ಐಟ್‌ಗೂ ತವರು ಒಂದೇ ಕಣಿವೆ ಪ್ರದೇಶ.

ಒಂದು ಕೆಲಸ ಇನ್ನೂ ಬಾಕಿ ಇದೆ. ಮುಂದಿನ ಮರದ ಅಡಿಯಲ್ಲಿ ಥ್ರೆಡ್ ಇರುವ ಇನ್ನೊಂದು ಲೋಹದ ತೂತಿದೆ. ನಿಂತು ಹೊಡೆಯುವಾಗ ಎಡಗೈ ಅಂಗೈಗೆ ಕೂರುವ, ಮರದ ಗುಂಡಿನಂಥ ಆಸರೆ ಅಲ್ಲಿಗೆ ಬರಬೇಕು. ಅದರ ಪಿಚ್ ಡಿಯೋಪ್ಟರಿನದಕ್ಕಿಂತ ಬೇರೆ. ಮರ ವಾಲ್‌ನಟ್ ಎಂಬುದು ಗೊತ್ತಿದೆ, ಕಂಬದ ಉದ್ದ ಎಷ್ಟಿರಬೇಕು ಎಂದು ಈಗ ಹಿರಿಯರ ತೋಳಿನ ಅಳತೆ ಹಿಡಿದು ಲೆಕ್ಕ ಹಾಕುತ್ತಿದ್ದೇನೆ. ಐಟ್ ರೈಫಲಿನ ಮೂಲ ಕೈಯಾಸರೆಯನ್ನು ಹತ್ತಿರದಿಂದ ನೋಡಿದವರು, ಅಳೆದವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಬರೆಯಿರಿ. ಕಂಬ ಮರದೊಳಗೆ ಎಷ್ಟು ಆಳ ಹೋಗುತ್ತದೆ, ತಿರುಗದಂತೆ ಪಿನ್ ಇದೆಯೋ ಇಲ್ಲವೋ, ಇವೆರಡು ತಿಳಿದರೆ ಸಾಕು.